ಟರ್ಬೊ ಹೋಗಿದೆ ಅನ್ನುವ ಮುಂಚೆ

ಘಾಟಿ ಹತ್ತುವಾಗ ಪಿಕಪ್ ಇಲ್ಲ, ಹಿಂದೆ ಕರಿ ಹೊಗೆ, ಮೈಲೇಜೂ ಇಳಿದಿದೆ. ಹಳೆಯ ಡೀಸೆಲ್ ಕಾರು ಇಟ್ಟುಕೊಂಡವರ ಬಾಯಲ್ಲಿ ಈ ಮೂರು ದೂರೂ ಒಟ್ಟಿಗೇ ಬರುತ್ತವೆ. ಮೆಕ್ಯಾನಿಕ್ ಬಳಿ ‘ಟರ್ಬೊ ಹೋಗಿದೆ ಸಾರ್’ ಎಂಬ ಉತ್ತರವೂ ಸಿದ್ಧವಿರುತ್ತದೆ. ಎಷ್ಟೋ ಸಲ ಟರ್ಬೊ ಗಟ್ಟಿಯಾಗಿಯೇ ಇರುತ್ತದೆ. ಅದು ಒತ್ತಿ ಕಳಿಸಿದ ಗಾಳಿ ದಾರಿಯಲ್ಲಿ ಸೋರಿಹೋಗಿರುತ್ತದೆ. ಆ ಸೋರಿಕೆ ಹುಡುಕಲು ಗ್ಯಾರೇಜೇ ಬೇಕೆಂದಿಲ್ಲ, ಮನೆಯಂಗಳ ಸಾಕು.

ಈ ಕಸುಬು ಕಲಿಯಲು ನಮ್ಮಲ್ಲಿ ಫಿಯೆಟ್‌ನ 1.3 ಮಲ್ಟಿಜೆಟ್‌ಗಿಂತ ಒಳ್ಳೆಯ ಎಂಜಿನ್ ಇಲ್ಲ. 1248 ಸಿಸಿಯ ಇದು 2007ರಲ್ಲಿ ಸ್ವಿಫ್ಟ್‌ಗೆ ಬಂತು. ಆಮೇಲೆ ಡಿಜೈರ್, ರಿಟ್ಜ್, ಇಂಡಿಕಾ ವಿಸ್ಟಾ, ಪುಂಟೊ, ಲೀನಿಯಾ, ಹೀಗೆ ಕಂಪನಿ ಯಾವುದೇ ಇರಲಿ, ಬಾನೆಟ್ ಎತ್ತಿದರೆ ಇದೇ. ಕಾರಿನ ಹುಚ್ಚಿನವರು ಇದನ್ನು ‘ರಾಷ್ಟ್ರೀಯ ಎಂಜಿನ್’ ಎಂದು ಕರೆದದ್ದು ಸುಮ್ಮನಲ್ಲ. ಹೊಗೆಯ ಮಾಲಿನ್ಯಕ್ಕೆ ಕಡಿವಾಣ ಹಾಕುವ ಬಿಎಸ್-6 ನಿಯಮ ಜಾರಿಯಾದ 2020ರ ಏಪ್ರಿಲ್ ಹೊತ್ತಿಗೆ ಮಾರುತಿ ಡೀಸೆಲ್ ಕಾರುಗಳನ್ನು ನಿಲ್ಲಿಸಿತು. ಈಗ ರಸ್ತೆಯಲ್ಲಿರುವ ಡೀಸೆಲ್ ಸ್ವಿಫ್ಟ್‌ಗಳೆಲ್ಲ ವಯಸ್ಸಾದವೇ.

ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ ಟರ್ಬೊದ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಇಂಟರ್‌ಕೂಲರ್ ಮೂಲಕ ಸಿಲಿಂಡರಿಗೆ ತುಂಬುತ್ತದೆ. ನಡುವೆ ಇರುವುದು ರಬ್ಬರ್ ಹೋಸು ಮತ್ತು ಕ್ಲಿಪ್ಪು. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದ ರಬ್ಬರು ಬಿರಿಯುತ್ತದೆ, ಅದೂ ಕಣ್ಣಿಗೆ ಬೀಳದ ಕೆಳಭಾಗದಲ್ಲಿ. ಎಂಜಿನ್ ತಣ್ಣಗಿರುವಾಗ ಹೋಸಿನ ಸುತ್ತ ಕೈಯಾಡಿಸಿ. ಒಳಗೆ ಸ್ವಲ್ಪ ಎಣ್ಣೆ ಪಸೆ ಇರುವುದು ಸಹಜ. ಅದು ಹೊರಗೆ ಜಿನುಗಿ, ಮೇಲೆ ಧೂಳು ಮೆತ್ತಿಕೊಂಡು ಕಪ್ಪಾಗಿದ್ದರೆ ಗಾಳಿಯೂ ಅಲ್ಲಿಂದಲೇ ಹೋಗುತ್ತಿದೆ.

ಎಂಜಿನ್ ಐಡಲ್‌ನಲ್ಲಿಟ್ಟು ಸೋಪಿನ ನೀರು ಹಚ್ಚಿ ನೋಡುವವರಿದ್ದಾರೆ. ಐಡಲ್‌ನಲ್ಲಿ ಟರ್ಬೊ ಒತ್ತಡ ಇಲ್ಲವೆಂದರೂ ನಡೆಯುತ್ತದೆ, ಹಾಗಾಗಿ ಗುಳ್ಳೆ ಏಳುವುದಿಲ್ಲ. ಎಂಜಿನ್ ಆಫ್ ಮಾಡಿ, ಏರ್ ಫಿಲ್ಟರ್ ದಾಟಿದ ಮೇಲಿನ ಪೈಪು ಬಿಚ್ಚಿ, ಪಿವಿಸಿ ಎಂಡ್ ಕ್ಯಾಪಿಗೆ ಟ್ಯೂಬಿನ ವಾಲ್ವ್ ಕೂರಿಸಿ, ಅದರಿಂದ ಟರ್ಬೊ ಕಡೆಗೆ ಹೋಗುವ ಬಾಯಿ ಮುಚ್ಚಬೇಕು. ಎಂಜಿನ್ನಿನ ಒಳಗಿನ ಆವಿಯನ್ನು ಈ ಗಾಳಿದಾರಿಗೆ ತರುವ ಬ್ರೀದರ್ ಪೈಪನ್ನೂ ಬಂದ್ ಮಾಡಬೇಕು, ಇಲ್ಲದಿದ್ದರೆ ಗಾಳಿಯೆಲ್ಲ ಎಂಜಿನ್ನಿನ ಹೊಟ್ಟೆಗೆ ಇಳಿಯುತ್ತದೆ. ಸೈಕಲ್ ಪಂಪಿನಿಂದ ಹತ್ತು ಪಿಎಸ್‌ಐ ಸಾಕು, ಹೆಚ್ಚು ಬೇಡ. ಈಗ ಸೋಪಿನ ನೀರು ಹಚ್ಚಿದರೆ ಬಿರುಕು ಇರುವಲ್ಲಿ ನೊರೆ ಉಕ್ಕುತ್ತದೆ, ಬುಸ್ಸೆನ್ನುವ ಸದ್ದೂ ಕೇಳಿಸುತ್ತದೆ.

ಕಾರಿನ ದೋಷದ ಕೋಡ್ ಓದುವ ಬ್ಲೂಟೂತ್ ಸ್ಕ್ಯಾನರ್ ಕೊಂಡವರಿಗೆ ಒಂದು ಮಾತು. ಪಿ0299 ಎಂಬ ಕೋಡ್ ಬಂದರೆ ಟರ್ಬೊ ಒತ್ತಡ ಸಾಲುತ್ತಿಲ್ಲ ಎಂದರ್ಥ, ಟರ್ಬೊ ಬದಲಿಸಿ ಎಂದಲ್ಲ. ಹೋಸು ಸರಿಯಿದ್ದರೆ ಗಾಳಿ ಅಳೆಯುವ ಸೆನ್ಸರ್ ನೋಡಿ. ಅದರ ಪ್ಲಗ್ ಕಿತ್ತು ಓಡಿಸಿದಾಗ ಕಾರು ಚುರುಕಾದರೆ ಅನುಮಾನ ಅದರ ಮೇಲೇ. ಆ ಸೆನ್ಸರಿಗೆಂದೇ ಸಿಗುವ ಸ್ಪ್ರೇಯಲ್ಲಿ ತೊಳೆಯಬಹುದು, ಒಳಗೆ ಬೆರಳು ಮಾತ್ರ ತಾಗಿಸಬೇಡಿ. ಪೇಟೆಯೊಳಗೇ ಓಡಾಡಿದ ಕಾರಾದರೆ ಹೊಗೆಯ ಒಂದಂಶವನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಈಜಿಆರ್ ವಾಲ್ವಿಗೆ ಮಸಿ ಕಟ್ಟಿರುತ್ತದೆ. ಇನ್ನು ಹೊಗೆ ನೀಲಿಯಾಗಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಆಗ ಟರ್ಬೊ ಮೇಲಿನ ಆರೋಪಕ್ಕೆ ಸ್ವಲ್ಪ ಅರ್ಥವಿದೆ.

ಇಂಜೆಕ್ಟರಿಗೆ ಹೋಗುವ ಉಕ್ಕಿನ ಪೈಪುಗಳ ತಂಟೆಗೆ ಹೋಗಬಾರದು. ಅಲ್ಲಿ ಡೀಸೆಲ್ ಒತ್ತಡ ಸಾವಿರ ಬಾರ್ ದಾಟುತ್ತದೆ. ಎಂಜಿನ್ ಓಡುವಾಗ ಸೋರಿದ ಸೂಜಿಯಷ್ಟು ಸಣ್ಣ ಧಾರೆ ಚರ್ಮ ತೂರಿ ಒಳಹೊಕ್ಕರೆ ಬೆರಳೇ ಹೋಗಬಹುದು. ಅದು ಪಂಪು-ನಾಝಲ್ ಅಂಗಡಿಯವರ ಕೆಲಸ.

ಟ್ಯೂನಿಂಗ್ ಎಂದೊಡನೆ ಹುಡುಗರಿಗೆ ನೆನಪಾಗುವುದು ಎಂಜಿನ್ನಿನ ಕಂಪ್ಯೂಟರಿನ ಲೆಕ್ಕ ಬದಲಿಸಿ ಶಕ್ತಿ ಹೆಚ್ಚಿಸುವ ಟ್ಯೂನಿಂಗ್ ಬಾಕ್ಸ್, ರೀಮ್ಯಾಪ್. ಸೋರುವ ಹೋಸಿನ ಮೇಲೆ ಅದನ್ನು ಹಾಕಿಸಿದರೆ ಹೆಚ್ಚುವುದು ಹೊಗೆಯೇ. ಗಾಳಿದಾರಿ ಸರಿಪಡಿಸಿ, ಡೀಸೆಲ್ ಮತ್ತು ಏರ್ ಫಿಲ್ಟರ್ ಬದಲಿಸಿ, ಕಂಪನಿ ಹೇಳಿದ ಗ್ರೇಡಿನ ಆಯಿಲ್ ಹಾಕಿದ ಹಳೆಯ ಸ್ವಿಫ್ಟಿಗೆ ಅದು ಹುಟ್ಟುವಾಗ ಇದ್ದ 75 ಕುದುರೆಶಕ್ತಿಯೇ ಸಾಕಷ್ಟಾಯಿತು. ಹೊಸ ಟರ್ಬೊಗೆ ದುಡ್ಡು ಎಣಿಸುವ ಮುಂಚೆ ಒಂದು ಭಾನುವಾರ ಬಾನೆಟ್ ಎತ್ತಿ, ಹೋಸಿನ ಅಡಿಭಾಗ ನೋಡಿ.