ಧಾರಾವಾಹಿಯ ನಟಿ: ನಮ್ಮ ಸೀಮೆಯ ಒಂದು ದೃಷ್ಟಾಂತ

ಗುತ್ತೂರು, ಹರಿಹರ, ದಾವಣಗೆರೆ ಸೀಮೆಯ ಮನೆಗಳಲ್ಲಿ ದೀಪ ಹೊತ್ತಿಸಿದ ಬಳಿಕ ಟೆಲಿವಿಷನ್ ಧಾರಾವಾಹಿಯನ್ನು ನೋಡುವದು ವಾಡಿಕೆಯಾಗಿದೆ. ಆದರೆ ಅದನ್ನು ಆಸಕ್ತಿಯಿಂದ ನೋಡುವ ತಾಯಿತಂದೆಗಳೇ, ತಮ್ಮ ಮಗಳು ತಾನೂ ನಟಿಯಾಗುವೆನೆಂದರೆ ಕಳವಳಪಡುತ್ತಾರೆ. ಈ ಕಳವಳವು ಅಕಾರಣವಾದದ್ದಲ್ಲ. ಆದಕಾರಣ ಆ ವೃತ್ತಿಯ ಸ್ವರೂಪವನ್ನು ನಮ್ಮ ಸೀಮೆಯವರೇ ಆದ ಒಬ್ಬರ ದೃಷ್ಟಾಂತದಿಂದ ವಿವರಿಸುವದು ಯುಕ್ತವೆಂದು ಎಣಿಸುತ್ತೇವೆ.

ಅಭಿನಯವು ಇಲ್ಲಿಯ ಸ್ತ್ರೀಯರಿಗೆ ಹೊಸತಲ್ಲ. ದಾವಣಗೆರೆಯ ಚಿಂದೋಡಿ ಲೀಲಾ ಅವರು ತಮ್ಮ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯಲ್ಲಿ ಬೆಳೆದು, ಊರೂರು ತಿರುಗಿ ನಾಟಕವಾಡಿ, 1988ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದರು, 2010ರಲ್ಲಿ ತೀರಿಕೊಂಡರು. ಅವರಿಗೆ ಕಂಪನಿಯೇ ಪಾಠಶಾಲೆಯೂ ಆಸರೆಯೂ ಆಗಿತ್ತು. ಈಗಿನ ಧಾರಾವಾಹಿಯ ನಟಿಗೆ ಅಂಥ ಆಸರೆಯು ವಿರಳ.

ನಾವು ಹೇಳಹೊರಟ ದೃಷ್ಟಾಂತವು ದಾವಣಗೆರೆಯಲ್ಲಿ ಹುಟ್ಟಿದ ಅದಿತಿ ಪ್ರಭುದೇವ ಅವರದು. ಇವರದು ನಾಟಕದ ಮನೆತನವಲ್ಲ. ಇವರು ಇಂಜಿನಿಯರಿಂಗ್ ಪದವೀಧರೆ. ಟೆಲಿವಿಷನ್ನಿನಲ್ಲಿ ನಿರೂಪಕಿಯಾಗಿದ್ದು, 'ಗುಂಡ್ಯಾನ್ ಹೆಂಡ್ತಿ' ಎಂಬ ಧಾರಾವಾಹಿಯಿಂದ ಜನರಿಗೆ ಪರಿಚಿತರಾದರು. 2017ರಲ್ಲಿ 'ಧೈರ್ಯಂ' ಚಲನಚಿತ್ರದಲ್ಲಿ ನಾಯಕಿಯಾದರು. ಆದರೂ ಟೆಲಿವಿಷನ್ನನ್ನು ಕೀಳೆಂದು ಬಗೆಯದೆ, 2018ರಲ್ಲಿ ಆರಂಭವಾದ 'ನಾಗಕನ್ನಿಕೆ' ಧಾರಾವಾಹಿಯ ಮುಖ್ಯ ಪಾತ್ರವನ್ನು ವಹಿಸಿದರು. 2019ರಲ್ಲಿ 'ಬಜಾರ್', 'ಸಿಂಗ', 'ರಂಗನಾಯಕಿ' ಮೊದಲಾದ ಚಿತ್ರಗಳು ತೆರೆಕಂಡವು. ಅತ್ಯಾಚಾರಕ್ಕೆ ಗುರಿಯಾದ ಹೆಣ್ಣಿನ ಹೋರಾಟವನ್ನು ತೋರಿಸುವ 'ರಂಗನಾಯಕಿ'ಯು ಅದೇ ವರ್ಷ ಗೋವೆಯ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದ ಭಾರತೀಯ ಪನೋರಮಾ ವಿಭಾಗಕ್ಕೆ ಆಯ್ಕೆಯಾಯಿತು.

ಇಷ್ಟನ್ನು ಕೇಳಿ ದಾರಿಯು ಸುಗಮವೆಂದು ತಿಳಿಯಬಾರದು. ಇಂಥ ಕಥೆಗಳಿಗೆ ಇಂಗ್ಲಿಷಿನಲ್ಲಿ 'ಸೋಪ್ ಒಪೆರಾ' ಎಂಬ ಹೆಸರುಂಟು. ಯಾಕಂದರೆ 1930ರ ದಶಕದಲ್ಲಿ ಅಮೇರಿಕದ ರೇಡಿಯೋ ಧಾರಾವಾಹಿಗಳಿಗೆ ಸಾಬೂನು ಮಾರುವ ಕಂಪನಿಗಳು ಹಣ ಒದಗಿಸುತ್ತಿದ್ದವು. ಇಂದಿಗೂ ಜಾಹೀರಾತಿನ ಹಣವೇ ಮುಖ್ಯ ಆಧಾರ. ನೋಡುವವರ ಸಂಖ್ಯೆ ಕುಗ್ಗಿದರೆ ಜಾಹೀರಾತೂ ಕುಗ್ಗುವದು. ಆಗ ನಟಿಯ ತಪ್ಪೇನೂ ಇಲ್ಲದೆ ಧಾರಾವಾಹಿಯೇ ನಿಂತುಹೋಗಬಹುದು. ದಿನನಿತ್ಯದ ಧಾರಾವಾಹಿಗೆ ವಾರಕ್ಕೆ 5 ಅಥವಾ 6 ಕಂತುಗಳು ಬೇಕು. ಅದಕ್ಕಾಗಿ ಬೆಳಗಿನಿಂದ ರಾತ್ರಿಯವರೆಗೆ ಚಿತ್ರೀಕರಣ ನಡೆಯುವದುಂಟು. ಆಡಬೇಕಾದ ಮಾತುಗಳು ಅನೇಕ ಸಲ ಅದೇ ದಿನ ಕೈಸೇರುತ್ತವೆ. ಸಂಭಾವನೆಯು ಸಾಮಾನ್ಯವಾಗಿ ದಿನದ ಲೆಕ್ಕದ್ದು. ಕೆಲಸವಿಲ್ಲದ ದಿನಕ್ಕೆ ಹಣವೂ ಇಲ್ಲ. ಕೆಲಸವು ಬಹುತೇಕ ಬೆಂಗಳೂರಿನಲ್ಲಿಯೇ ಇರುವದರಿಂದ ಹುಡುಗಿಯು ಮನೆಯಿಂದ ದೂರವಿರಬೇಕಾಗುತ್ತದೆ.

ಪೋಷಕರೇ, ಮಗಳ ಇಚ್ಛೆಯನ್ನು ಗದರಿಸಿ ಅಡಗಿಸುವದೂ, ಹೊಗಳಿ ಉಬ್ಬಿಸುವದೂ ನಮಗೆ ಸರಿದೋರುವದಿಲ್ಲ. ಮೊದಲು ಅವಳ ಓದು ಮುಗಿಯಲಿ. ಧಾರಾವಾಹಿ ನಿಂತರೂ ಪದವಿಯು ಕೈಬಿಡುವದಿಲ್ಲ. ಕರಾರುಪತ್ರವನ್ನು ಹಿರಿಯರೊಡನೆ ಕೂತು ಓದಿಯೇ ರುಜು ಹಾಕಲಿ. ಪಾತ್ರ ಕೊಡಿಸುವೆನೆಂದು ಮುಂಗಡ ಹಣ ಕೇಳುವವರನ್ನು ದೂರವಿಡಲಿ. ಒಪ್ಪದ ದೃಶ್ಯಕ್ಕೆ ಒಲ್ಲೆನೆನ್ನುವ ಧೈರ್ಯವನ್ನು ಮನೆಯವರೇ ಅವಳಿಗೆ ಕೊಡಲಿ. ಪೂರ್ವ ವಿದ್ಯಾರ್ಥಿನಿಯರಲ್ಲಿ ಈ ವೃತ್ತಿಯನ್ನು ಬಲ್ಲವರಿದ್ದರೆ, ಕಿರಿಯ ತಂಗಿಯರು ಕೇಳಬಂದಾಗ ಅದರ ಸುಖವನ್ನೂ ಶ್ರಮವನ್ನೂ ಮುಚ್ಚಿಡದೆ ತಿಳಿಸಬೇಕೆಂದು ಬಿನ್ನವಿಸುತ್ತೇವೆ.