ಜೋಡಿ ಯಂತ್ರಗಳಿಗೆ ಹೆಸರಿಡುವ ಮುನ್ನ

1986ರ ಜುಲೈನಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ 128 ಪೋರ್ಟುಗಳ ಚಿಕ್ಕದೊಂದು ಟೆಲಿಫೋನ್ ಎಕ್ಸ್‌ಚೇಂಜ್ ಕೆಲಸ ಶುರುಮಾಡಿತು. ಅದನ್ನು ರೂಪಿಸಿದ್ದು ಅದಕ್ಕೆ ಎರಡು ವರ್ಷ ಮೊದಲಷ್ಟೇ ಹುಟ್ಟಿದ್ದ ಸಿ-ಡಾಟ್ ಸಂಸ್ಥೆ. ಹಳ್ಳಿಯ ಸೆಕೆ, ಧೂಳು ತಡೆದುಕೊಂಡು ಎಸಿ ಇಲ್ಲದೆ ನಡೆಯಬೇಕೆಂಬುದು ಅದರ ವಿನ್ಯಾಸದ ಮೊದಲ ಷರತ್ತು. ಒಂದು ಕಾರ್ಡು ಕೆಟ್ಟರೆ ಊರಿಗೆ ಊರೇ ಮೂಕವಾಗಬಾರದೆಂದು ಸಿ-ಡಾಟ್ ಎಕ್ಸ್‌ಚೇಂಜುಗಳಲ್ಲಿ ನಿಯಂತ್ರಣ ಘಟಕಗಳನ್ನು ಜೋಡಿಯಾಗಿ ಕೂರಿಸುತ್ತಿದ್ದರು. ಒಂದು ದುಡಿಯುವಾಗ ಇನ್ನೊಂದು ತಯಾರಾಗಿ ನಿಂತಿರುತ್ತಿತ್ತು. ಅವನ್ನು ಗುರುತಿಸುತ್ತಿದ್ದುದು ಕಾಪಿ-0, ಕಾಪಿ-1 ಎಂದು. ಮುಖ್ಯ, ಬದಲಿ ಎಂದಲ್ಲ. ನೋಡಲು ಸಣ್ಣ ಸಂಗತಿಯಾದರೂ ಇದರಲ್ಲಿ ದೊಡ್ಡ ವಿವೇಕವಿದೆ. ಯಂತ್ರದ ಹೆಸರು ಅದು ಯಾವುದು, ಎಲ್ಲಿದೆ ಎಂಬುದನ್ನು ಹೇಳಬೇಕೇ ಹೊರತು ಈ ಕ್ಷಣ ಯಾವ ಪಾತ್ರದಲ್ಲಿದೆ ಎಂಬುದನ್ನಲ್ಲ.

ಜೋಡಿಯ ಕಲ್ಪನೆ ಅದಕ್ಕೂ ಹಳೆಯದು. 1965ರಲ್ಲಿ ಅಮೆರಿಕದ ಸಕ್ಕಸನ್ನಾ ಎಂಬಲ್ಲಿ ಶುರುವಾದ 1ಇಎಸ್‌ಎಸ್ ಎಕ್ಸ್‌ಚೇಂಜಿನಲ್ಲೂ ಎರಡು ಪ್ರೊಸೆಸರ್‌ಗಳಿದ್ದವು. 40 ವರ್ಷದಲ್ಲಿ ಒಟ್ಟು ಎರಡು ಗಂಟೆಗಿಂತ ಹೆಚ್ಚು ಹೊತ್ತು ಅದು ನಿಲ್ಲಬಾರದೆಂಬುದು ಗುರಿ. ಇಂಟರ್‌ನೆಟ್ ರೂಟರ್‌ಗಳಲ್ಲಿ ಇದೇ ಶಿಸ್ತಿಗೆ ಎಲ್ಲರಿಗೂ ಸಲ್ಲುವ ಮಾನದಂಡ ಬಂದದ್ದು 1998ರಲ್ಲಿ, ವಿಆರ್‌ಆರ್‌ಪಿ ಎಂಬ ಪ್ರೊಟೊಕಾಲ್ ಮೂಲಕ. ಅದರ ನಡೆ ಸರಳ. ಎರಡು ರೂಟರ್‌ಗಳಿಗೆ ತಮ್ಮದೇ ಆದ ವಿಳಾಸಗಳಿರುತ್ತವೆ. ಇಬ್ಬರಿಗೂ ಸೇರಿ ಮೂರನೆಯದೊಂದು ವಿಳಾಸವಿರುತ್ತದೆ. ಕಚೇರಿಯ ಕಂಪ್ಯೂಟರ್‌ಗಳಿಗೆ ಗೊತ್ತಿರುವುದು ಆ ಮೂರನೆಯದು ಮಾತ್ರ. ದುಡಿಯುತ್ತಿರುವ ರೂಟರ್ ಸೆಕೆಂಡಿಗೊಮ್ಮೆ ‘ನಾನಿದ್ದೇನೆ’ ಎಂದು ಸಾರುತ್ತದೆ. ಮೂರು ಬಾರಿ ಆ ಸದ್ದು ಕೇಳಿಸದಿದ್ದರೆ, ಸುಮಾರು ಮೂರೂವರೆ ಸೆಕೆಂಡಿನಲ್ಲಿ, ಜೊತೆಗಾರ ಆ ವಿಳಾಸವನ್ನು ವಹಿಸಿಕೊಳ್ಳುತ್ತದೆ. ಯಾರಿಗೆ ಮೊದಲ ಹಕ್ಕು ಎಂಬುದನ್ನು ಆದ್ಯತೆಯ ಅಂಕಿ ತೀರ್ಮಾನಿಸುತ್ತದೆ: ಒಂದಕ್ಕೆ 110, ಇನ್ನೊಂದಕ್ಕೆ 100 ಕೊಟ್ಟರೆ 110 ಇರುವುದು ಮುಂದಾಳು.

ತೊಡಕು ಎದುರಾಗುವುದು ಇಲ್ಲಿಯೇ. ಕೆಟ್ಟ ರೂಟರ್ ಸರಿಹೋದ ಕೂಡಲೇ ಕೆಲಸವನ್ನು ಮರಳಿ ಕಿತ್ತುಕೊಳ್ಳುವುದು ವಿಆರ್‌ಆರ್‌ಪಿಯ ರೂಢಿ. ಕರೆಂಟು ಹೋಗಿ ಬಂದು ಮಾಡುವ ಊರಿನಲ್ಲಿ ಹೀಗಾದರೆ ಕೆಲಸ ಇಬ್ಬರ ನಡುವೆ ಹೊಯ್ದಾಡುತ್ತದೆ. ಅದಕ್ಕೇ ಅನುಭವಿಗಳು ಆ ಸೌಲಭ್ಯವನ್ನು ನಿಲ್ಲಿಸಿರುತ್ತಾರೆ, ಇಲ್ಲವೇ ಕೆಲವು ನಿಮಿಷ ತಡವಾಗುವಂತೆ ಹೊಂದಿಸುತ್ತಾರೆ. ನಿಲ್ಲಿಸಿದರೆ ‘ಬದಲಿ’ ಎಂದು ಚೀಟಿ ಅಂಟಿಸಿಕೊಂಡ ರೂಟರ್ ತಿಂಗಳುಗಟ್ಟಲೆ ಮುಖ್ಯವಾಗಿ ದುಡಿಯಬಹುದು. ಹೆಸರು ನಂಬಿ, ಖಾಲಿ ಇದೆಯೆಂದು ಯಾರಾದರೂ ಅದರ ಸ್ವಿಚ್ ಆರಿಸಿದರೆ, ಆಗುವ ಅಡಚಣೆಗೆ ಕಾರಣ ಆ ಹೆಸರೇ. ಹಳೇಬೀಡಿನ ಜೋಡಿ ಗುಡಿಯಲ್ಲಿ ಹೊಯ್ಸಳೇಶ್ವರ, ಶಾಂತಲೇಶ್ವರ ಎಂದು ಎರಡಕ್ಕೂ ಸ್ವಂತ ಹೆಸರಿರುವಂತೆ ಇಲ್ಲಿಯೂ ಇರಬೇಕು. ಅರಸೀಕೆರೆಗೆ ರೈಲ್ವೆಯ ಸಂಕೇತ ಎಎಸ್‌ಕೆ. ಅಲ್ಲಿನ ಜೋಡಿಗೆ ‘ಎಎಸ್‌ಕೆ-ರೂಟರ್-ಎ’, ‘ಎಎಸ್‌ಕೆ-ರೂಟರ್-ಬಿ’ ಎಂದಿಟ್ಟರೆ ಪಾತ್ರ ಎಷ್ಟು ಸಲ ಬದಲಾದರೂ ಹೆಸರು ಸುಳ್ಳಾಗದು.

ಹೊಸದಾಗಿ ಬಂದ ಸಿಬ್ಬಂದಿಗೆ ‘ಮುಖ್ಯ’ ಎಂದರೆ ತಟ್ಟನೆ ತಿಳಿಯುತ್ತದಲ್ಲ ಎಂದು ಕೇಳುವವರಿದ್ದಾರೆ. ತಿಳಿಯುವುದು ನಿಜ, ಆದರೆ ತಿಳಿದದ್ದು ತಪ್ಪಾಗಿರಬಹುದು, ಅದೂ ಎಲ್ಲರೂ ಗಾಬರಿಯಲ್ಲಿರುವ ಹೊತ್ತಿನಲ್ಲೇ. ಪಾತ್ರವನ್ನು ಯಂತ್ರವನ್ನೇ ಕೇಳಿ ತಿಳಿಯುವುದು ಕ್ಷೇಮ. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಕೆಲವು ಫೈರ್‌ವಾಲ್ ಜೋಡಿಗಳು ಸಂರಚನೆಯನ್ನು ಪೂರ್ತಿ ನಕಲು ಮಾಡಿಕೊಳ್ಳುವುದರಿಂದ ಎರಡಕ್ಕೂ ಒಂದೇ ಹೆಸರು ಬರುತ್ತದೆ. ಸಿಸ್ಕೊ ಎಎಸ್‌ಎ ಇಂಥದ್ದು. ಅದರಲ್ಲಿ ಘಟಕದ ಗುರುತು ಬೇರೆ, ಸ್ಥಿತಿ ಬೇರೆ. ಪ್ರೈಮರಿ, ಸೆಕೆಂಡರಿ ಬದಲಾಗುವುದಿಲ್ಲ, ಆ್ಯಕ್ಟಿವ್, ಸ್ಟ್ಯಾಂಡ್‌ಬೈ ಬದಲಾಗುತ್ತವೆ. ಪ್ರಾಂಪ್ಟನ್ನು ಸರಿಯಾಗಿ ಹೊಂದಿಸಿದರೆ ಹೆಸರಿನ ಪಕ್ಕದಲ್ಲೇ ‘ಸೆಕ್/ಆ್ಯಕ್ಟ್’ ಎಂದು ಎರಡೂ ಕಾಣುತ್ತವೆ. ಎಂದರೆ ಈ ಆಕ್ಷೇಪವೂ ಕೊನೆಗೆ ಅದೇ ನಿಯಮವನ್ನು ಎತ್ತಿಹಿಡಿಯುತ್ತದೆ.

ರಸ್ತೆ ಅಗೆಯುವ ಜೆಸಿಬಿ ಕೇಬಲ್ ಕತ್ತರಿಸಿದರೆ ಎರಡು ರೂಟರ್ ಇದ್ದೇನು ಫಲ ಎಂಬ ಪ್ರಶ್ನೆಯೂ ನ್ಯಾಯವೇ. ಒಂದೇ ಕೇಬಲ್, ಒಂದೇ ಯುಪಿಎಸ್ ನೆಚ್ಚಿಕೊಂಡ ಜೋಡಿ ಹೆಸರಿಗಷ್ಟೇ ಜೋಡಿ. ‘ಎ’ಗೆ ಒಂದು ಯುಪಿಎಸ್, ಒಂದು ದಾರಿ, ‘ಬಿ’ಗೆ ಬೇರೆಯೇ ಯುಪಿಎಸ್, ಬೇರೆಯೇ ದಾರಿ ಇರಬೇಕು, ಆ ಅಕ್ಷರ ವೈರು, ಪ್ಲಗ್ಗು, ನಕ್ಷೆ ಎಲ್ಲದರ ಮೇಲೂ ಕಾಣಬೇಕು. ಹುಲಿಕೆರೆಯಿಂದ ಹಳೇಬೀಡಿನ ನಾಡಕಚೇರಿಗೆ ಪಹಣಿಗೆಂದು ಬರುವ ರೈತನಿಗೆ ಈ ಅಕ್ಷರಗಳು ಬೇಕಿಲ್ಲ, ಕೆಲಸ ಕೆಡದಿದ್ದರೆ ಸಾಕು. ಆದ್ದರಿಂದ ಸಾರ್ವಜನಿಕ ಜಾಲ ಕಟ್ಟುವವರು ಟೆಂಡರಿನಲ್ಲಿ ಎರಡು ಪೆಟ್ಟಿಗೆ ಎಂದು ಬರೆದು ಸುಮ್ಮನಾಗಬಾರದು. ಹೆಸರಿನ ಕ್ರಮವನ್ನೂ, ಒಂದನ್ನು ಬೇಕೆಂದೇ ಆರಿಸಿ ಇನ್ನೊಂದು ಹೊಣೆ ಹೊರುತ್ತದೆಯೇ ಎಂದು ನೋಡುವ ಪರೀಕ್ಷೆಯನ್ನೂ ಷರತ್ತಾಗಿ ಸೇರಿಸಬೇಕು.