ಸಾಲಾರ್ ಜಂಗ್ ಮ್ಯೂಸಿಯಂ ಯಾರದು?

ಊರಿಂದ ನೆಂಟರು ಬಂದರೆ ಹೈದರಾಬಾದಿನ ಕನ್ನಡಿಗರಾದ ನಾವು ಚಾರ್‌ಮಿನಾರ್ ತೋರಿಸಿ, ಹನ್ನೆರಡು ಹೊಡೆಯುವುದರೊಳಗೆ ಅವರನ್ನು ಸಾಲಾರ್ ಜಂಗ್ ಮ್ಯೂಸಿಯಂಗೆ ಓಡಿಸುತ್ತೇವೆ. ಗಡಿಯಾರದೊಳಗಿನ ಪುಟ್ಟ ಗೊಂಬೆ ಹೊರಬಂದು ಗಂಟೆ ಬಾರಿಸೋದನ್ನ ನೋಡಬೇಕಲ್ಲ! ಕಳೆದ ಸಲ ನಮ್ಮ ಸೋದರಮಾವ ಗೊಂಬೆ ನೋಡಿದ ಮೇಲೆ ಕೇಳಿದರು: “ಅಲ್ಲಯ್ಯಾ, ಇದೆಲ್ಲಾ ಈಗ ಯಾರದು?” ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಹುಡುಕಿದೆ.

ಮೂರನೆಯ ಸಾಲಾರ್ ಜಂಗ್, ಅಂದರೆ ಮೀರ್ ಯೂಸುಫ್ ಅಲಿ ಖಾನ್, 1949ರಲ್ಲಿ ತೀರಿಕೊಂಡರು. ಮದುವೆಯಾಗಿರಲಿಲ್ಲ. ಅವರ ಸಂಗ್ರಹವನ್ನು ದಿವಾನ್ ದೇವಡಿಯಲ್ಲೇ 1951ರ ಡಿಸೆಂಬರಿನಲ್ಲಿ ನೆಹರೂ ಜನರಿಗೆ ತೆರೆದರು. ಮುಂದೆ ವಾರಸುದಾರರ ರಾಜಿ, ಹೈಕೋರ್ಟಿನ ಡಿಕ್ರಿ ಎಲ್ಲಾ ಆಗಿ ಸಂಗ್ರಹ ಭಾರತ ಸರ್ಕಾರಕ್ಕೆ ಸೇರಿತು. 1961ರಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿ ಇದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಸಾರಿತು. ಮೂಸಿ ದಂಡೆಯ ಈಗಿನ ಕಟ್ಟಡಕ್ಕೆ ಬಂದದ್ದು 1968ರಲ್ಲಿ.

ಸ್ವಾರಸ್ಯ ಇರೋದು ಆ ಕಾಯಿದೆಯಲ್ಲೇ. ಆಡಳಿತವನ್ನು ಒಬ್ಬ ಅಧಿಕಾರಿಯ ಕೈಗೆ ಕೊಡದೆ ಮಂಡಳಿಗೆ ವಹಿಸಿದ್ದಾರೆ. ರಾಜ್ಯಪಾಲರು ಅದರ ಪದನಿಮಿತ್ತ ಅಧ್ಯಕ್ಷರು. ಲೆಕ್ಕವನ್ನು ಸಿಎಜಿ ತಪಾಸಣೆ ಮಾಡುತ್ತಾರೆ, ವರದಿ ಪಾರ್ಲಿಮೆಂಟಿನ ಮುಂದೆ ಹೋಗುತ್ತದೆ. ದಿಲ್ಲಿಯ ನ್ಯಾಷನಲ್ ಮ್ಯೂಸಿಯಂ ಹೆಸರಿಗೆ ದೊಡ್ಡಣ್ಣನಾದರೂ ಸಂಸ್ಕೃತಿ ಮಂತ್ರಾಲಯದ ಅಧೀನ ಕಚೇರಿ. ಅಲ್ಲಿನ ಹೊಣೆ ನೇರವಾಗಿ ಮಂತ್ರಿಗೆ. ಯಾವುದು ಮೇಲು ಅಂತ ಕೇಳಿದರೆ ನಾನು ಮಂಡಳಿಯ ಪಕ್ಷ. ಆದರೆ ದೊಡ್ಡವರು ತುಂಬಿದ ಮಂಡಳಿಯಲ್ಲಿ ಯಾರೊಬ್ಬರಿಗೂ ಪುರುಸೊತ್ತಿರದೆ ಹೋಗುವ ಭಯವೂ ಇದ್ದೇ ಇದೆ.

ಇನ್ನು ಲೆಕ್ಕ ಎರಡು ಬಗೆ. ರೂಪಾಯಿಯದು ವರ್ಷವರ್ಷ ಆಗುತ್ತದೆ. ವಸ್ತುಗಳದು ಕಷ್ಟ: ರಿಜಿಸ್ಟರು ಹಿಡಿದು, ಉಗ್ರಾಣಕ್ಕೆ ಇಳಿದು, ನಂಬರಿಗೆ ನಂಬರು ತಾಳೆ ನೋಡಬೇಕು. ಪ್ರದರ್ಶನದಲ್ಲಿ ಇರುವುದಷ್ಟೇ ನಮ್ಮ ಕಣ್ಣಿಗೆ ಬೀಳೋದು. ಒಳಗಿನದನ್ನು ಎಣಿಸಿದವರಿಗೇ ಗೊತ್ತು. 2013ರ ಸಿಎಜಿ ವರದಿಯಲ್ಲಿ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕಗಳಲ್ಲೇ 92 ಪತ್ತೆಯಾಗಲಿಲ್ಲ ಅಂತ ಬಂತು. ಆಮೇಲೆ ಕೆಲವು ಸಿಕ್ಕವು, ಆ ಮಾತು ಬೇರೆ. ಕಲ್ಲಿನ ಕಟ್ಟಡವೇ ಕಣ್ಣು ತಪ್ಪಿಸಿಕೊಳ್ಳುವಾಗ ಅಂಗೈಯಗಲದ ಕಠಾರಿಯ ಗತಿ?

ಕೇಳೋಕೆ ನಮಗೂ ದಾರಿ ಇದೆ. 2005ರ ಮಾಹಿತಿ ಹಕ್ಕು ಕಾಯಿದೆಯ ಪ್ರಕಾರ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ವಸ್ತುಗಳ ಪೂರ್ತಿ ಎಣಿಕೆ ಕೊನೆಯ ಸಲ ಯಾವಾಗ ಆಯಿತು, ತಾಳೆಯಾಗದವು ಎಷ್ಟು? ಈ ಎರಡು ಪ್ರಶ್ನೆ ಬರೆದಿಟ್ಟುಕೊಂಡಿದ್ದೇನೆ. ಜೊತೆಗೆ ಸಹಿ ಹಾಕುವವರು ಶನಿವಾರದ ಸಭೆಗೆ ಬನ್ನಿ.